ಡಾಕ್ಟರಿಗೆ ಹೇಳದ ಏಟು

ಡಾಕ್ಟರ ಮುಂದೆ ಸುಳ್ಳು ಹೇಳದವರು ಯಾರಿದ್ದಾರೆ, ನೀವೇ ಹೇಳಿ. ಸಕ್ಕರೆ ಕಾಯಿಲೆಯವರು ಒಬ್ಬಟ್ಟು ತಿಂದದ್ದನ್ನು ಬಚ್ಚಿಡುತ್ತಾರೆ. ಬೀಡಿ ಬಿಟ್ಟು ವರ್ಷವಾಯಿತು ಎನ್ನುವವನ ಜೇಬಿನಲ್ಲೇ ಬೀಡಿ ಕಟ್ಟು ಇರುತ್ತದೆ. ಅವೆಲ್ಲ ಹಾಳಾಗಿ ಹೋಗಲಿ, ಅವರವರ ಹಣೆಬರಹ. ವಿರೂಪಾಕ್ಷಿಪುರದ ಕಡೆಯ ಧನಲಕ್ಷ್ಮಿ ಹೇಳಿದ್ದು ಒಂದೇ ಒಂದು ಪದದ ಸುಳ್ಳು. "ಎದೆಗೆ ಯಾವತ್ತಾದ್ರೂ ಏಟು ಬಿದ್ದಿತ್ತಾ?" ಎಂದು ರಾಮನಗರದ ಡಾಕ್ಟರು ಕೇಳಿದ್ದರು. ಇವಳು "ಇಲ್ಲ" ಎಂದಿದ್ದಳು. ಬಾಯಿಂದ ಹೊರಟ ಮಾತನ್ನು ಹಿಂದಕ್ಕೆ ನುಂಗುವುದು ಹೇಗೆ?

ಗಂಟು ಕೈಗೆ ಸಿಕ್ಕಿದ್ದು ಒಂದು ಭಾನುವಾರ, ತಲೆಗೆ ನೀರು ಹಾಕಿಕೊಳ್ಳುವಾಗ. ಎಡಗಡೆ ಎದೆಯ ಒಳಗೆ ಹುಣಸೆಬೀಜದಷ್ಟು ಗಟ್ಟಿ. ಒತ್ತಿದರೆ ಅಲುಗಾಡಲೊಲ್ಲದು, ಮೇಲಿನ ಚರ್ಮವೂ ಒಂಚೂರು ಒಳಕ್ಕೆ ಎಳೆದುಕೊಂಡಂತಿತ್ತು. ಒಂದು ವಾರ ಯಾರಿಗೂ ಹೇಳದೆ ಬೆಂದಳು. ಆಮೇಲೆ ಗಂಡ ದೇವರಾಜುವಿಗೆ ಹೇಳಿದಳು. ಅವನೋ, ಕೇಳಿದವನೇ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಅಲ್ಲೇ ಎಸೆದು ಬೈಕು ಹೊರಡಿಸಿದ. ತಾಲೂಕು ಪಟ್ಟಣದಲ್ಲಿ ಸ್ಕ್ಯಾನ್ ಆಯಿತು. ಗಂಟಿನ ಅಂಚು ಸರಿಯಿಲ್ಲ, ಅನುಮಾನ ಇದೆ, ಚೂರು ತೆಗೆದು ನೋಡಲೇಬೇಕು ಎಂದು ಸ್ಕ್ಯಾನಿನ ಡಾಕ್ಟರು ಬರೆದುಕೊಟ್ಟರು. ರಾಮನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಮೆಹ್ರೀನ್ ದಪ್ಪ ಸೂಜಿ ಹಾಕಿ ಗಂಟಿನಿಂದ ಎಳೆಯೆಳೆಯಾಗಿ ನಾಲ್ಕು ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಬಯಾಪ್ಸಿ ಎಂದರೆ ಅದೇ.

ಹತ್ತು ದಿನ ಕಾಯಬೇಕಿತ್ತು. ಆ ಹತ್ತು ದಿನ ಆ ಮನೆಯಲ್ಲಿ ಯಾರ ಗಂಟಲಲ್ಲೂ ಮುದ್ದೆ ಇಳಿಯಲಿಲ್ಲ. ಹನ್ನೊಂದನೆಯ ದಿನ ರಿಪೋರ್ಟು ದೇವರಾಜುವಿನ ಫೋನಿಗೆ ಬಂತು. ಅವನು ಓಡಿಹೋಗಿ ಮೆಡಿಕಲ್ ಶಾಪಿನವನಿಗೆ ತೋರಿಸಿದ. ಶಾಪಿನವನು ಕಣ್ಣಾಡಿಸಿ, "ಬಿನೈನ್ ಅಂತ ಐತೆ ಕಣಣ್ಣ, ಕ್ಯಾನ್ಸರ್ ಅಲ್ಲ, ಹೋಗು, ಸ್ವೀಟ್ ತತ್ತಾ" ಅಂದ. ಅಷ್ಟೇ ಸಾಕಾಯಿತು. ಮಧ್ಯಾಹ್ನದೊಳಗೆ ಕೋಡಿಹಳ್ಳಿಯಲ್ಲಿದ್ದ ನಾದಿನಿಯವರೆಗೂ ಸುದ್ದಿ ಮುಟ್ಟಿತು. ಅತ್ತೆ ಚಿಕ್ಕಲಕ್ಷ್ಮಮ್ಮ ಕೊಟ್ಟಿಗೆಗೆ ಹೋಗಿ ದೇವರ ಗೂಳಿ ಬಸವಪ್ಪನ ಪಾದಕ್ಕೆ ಕಾಯಿ ಒಡೆದು, "ನೀನೇ ಕಾದೆ ಕಣಪ್ಪ" ಎಂದು ಅತ್ತುಬಿಟ್ಟರು. ಧನಲಕ್ಷ್ಮಿಯೂ ನಕ್ಕಳು, ಅವತ್ತು ರಾತ್ರಿ ಹೊಟ್ಟೆ ತುಂಬ ಉಂಡಳು.

ಮಾರನೆಯ ದಿನ ರಿಪೋರ್ಟು ತೋರಿಸಿಬರೋಣ ಎಂದು ಮೂವರೂ ರಾಮನಗರಕ್ಕೆ ಹೋದರು. ಡಾಕ್ಟರಮ್ಮನಿಗೆ ಕೊಡೋಣವೆಂದು ಅತ್ತೆ ಹಿತ್ತಲಿನ ಎಳನೀರು ನಾಲ್ಕು ಕಟ್ಟಿಸಿಕೊಂಡಿದ್ದರು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಡಾಕ್ಟರ್ ಮೆಹ್ರೀನ್ ನಗಲಿಲ್ಲ. ಬಯಾಪ್ಸಿಯ ಕಾಗದವನ್ನು ಒಂದು ಕಡೆ, ಸ್ಕ್ಯಾನಿನ ಚಿತ್ರಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು ಇದನ್ನೊಮ್ಮೆ ಅದನ್ನೊಮ್ಮೆ ನೋಡತೊಡಗಿದರು.

"ಕ್ಯಾನ್ಸರ್ ಅಲ್ವಂತಲ್ಲ ಮೇಡಂ?" ದೇವರಾಜುವೇ ಬಾಯಿಬಿಟ್ಟ.

"ತೆಗೆದ ಚೂರಿನಲ್ಲಿ ಕ್ಯಾನ್ಸರ್ ಇಲ್ಲ. ಅದು ನಿಜ, ಒಳ್ಳೇದೇ. ಆದ್ರೆ ನನಗೆ ಅಷ್ಟೇ ಸಾಲಲ್ಲ" ಎಂದರು ಡಾಕ್ಟರು. "ನೋಡಿ, ಸ್ಕ್ಯಾನು ಒಂದು ಸಾಕ್ಷಿ, ಬಯಾಪ್ಸಿ ಇನ್ನೊಂದು. ಇಬ್ಬರ ಮಾತೂ ಕೂಡಿ ಬರಬೇಕು. ಗಂಟಿನ ಅಂಚು ಮುಳ್ಳುಮುಳ್ಳಾಗಿದೆ ಅಂತ ಸ್ಕ್ಯಾನ್ ಹೇಳುತ್ತೆ. ಬಯಾಪ್ಸಿ, ಇಲ್ಲಿ ಇರೋದು ಸತ್ತ ಕೊಬ್ಬು ಅಷ್ಟೇ ಅನ್ನುತ್ತೆ. ಎದೆಗೆ ಜೋರಾಗಿ ಏಟು ಬಿದ್ರೆ ಒಳಗಿನ ಕೊಬ್ಬು ಹಾಗೆ ಸತ್ತು ಗಂಟು ಕಟ್ಟುತ್ತೆ, ಸ್ಕ್ಯಾನಿನಲ್ಲಿ ಥೇಟ್ ಕ್ಯಾನ್ಸರಿನ ಥರಾನೇ ಕಾಣುತ್ತೆ. ಅದಕ್ಕೇ ಅವತ್ತು ಕೇಳಿದ್ದು. ಈಗ್ಲೂ ಕೇಳ್ತೀನಿ. ಏನಾದ್ರೂ ಏಟು ಬಿದ್ದಿತ್ತಾ ಧನಲಕ್ಷ್ಮಿ? ಬಿದ್ದಿದ್ದು, ಗುದ್ದಿಸಿಕೊಂಡಿದ್ದು, ಏನಾದ್ರೂ?"

ಎಡಗಡೆ ಗಂಡ. ಬಲಗಡೆ ಅತ್ತೆ. ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಇಲ್ಲ" ಅಂದಳು ಮಹಾತಾಯಿ, ಎರಡನೆಯ ಸಲ.

"ಹಾಗಿದ್ರೆ ಸತ್ತ ಕೊಬ್ಬು ಎಲ್ಲಿಂದ ಬಂತು?" ಡಾಕ್ಟರು ಪೆನ್ನು ಕೆಳಗಿಟ್ಟರು. "ಸೂಜಿ ಅಸಲಿ ಜಾಗ ಬಿಟ್ಟು ಪಕ್ಕದ್ದನ್ನ ತಂದಿರಬಹುದು. ಅಸಲಿ ಗಂಟು ಒಳಗೇ ಕೂತಿರಬಹುದು. ಆ ಅನುಮಾನ ಇಟ್ಕೊಂಡು ನಿಮ್ಮನ್ನ ಮನೆಗೆ ಕಳಿಸೋಕಾಗಲ್ಲ. ಇನ್ನೊಂದು ಸಲ ಸೂಜಿ ಹಾಕ್ಬೇಕು, ಇಲ್ಲಾ ಆಪರೇಷನ್ ಮಾಡಿ ಇಡೀ ಗಂಟು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಹೊರಗೆ ಕೂತು ಮಾತಾಡಿ ತೀರ್ಮಾನ ಮಾಡ್ಕೊಂಡು ಬನ್ನಿ."

ಏಟು ಬಿದ್ದಿತ್ತು. ಬಿದ್ದು ಎಂಟು ತಿಂಗಳಾಗಿತ್ತು. ಹೊಡೆದವನು ಯಾರೆಂದು ಹೇಳಿದರೆ ಮನೆಯೇ ಎರಡಾಗುತ್ತಿತ್ತು, ಅದೇ ಅವಳ ಫಜೀತಿ.

ದೇವರಾಜುವಿನ ಮನೆಯವರು ಬಸವಪ್ಪನನ್ನು ನೋಡಿಕೊಳ್ಳುವವರು. ಬಸವಪ್ಪ ಎಂದರೆ ದೇವರಿಗೆ ಬಿಟ್ಟ ಗೂಳಿ. ಜನ ನೆಲದ ಮೇಲೆ ಅಂಗೈ ಚಾಚಿ ಮನಸ್ಸಿನಲ್ಲಿದ್ದದ್ದನ್ನು ಕೇಳುತ್ತಾರೆ. ಅವನು ಬಂದು ಅಂಗೈ ಮೇಲೆ ಪಾದ ಇಟ್ಟರೆ ಆಯಿತು, ಮದುವೆಯೋ ಮನೆಯೋ ಕೋರ್ಟಿನ ವ್ಯಾಜ್ಯವೋ, ಅಪ್ಪಣೆಯಾದಂತೆ. ಮದ್ದೂರು, ಮಾಗಡಿ ಕಡೆಯಿಂದಲೂ ಕರೆ ಬರುತ್ತದೆ. ಅಂಥವನಿರುವ ಕೊಟ್ಟಿಗೆಗೆ ಹೆಂಗಸರು ತಿಂಗಳ ಮೂರು ದಿನ ಕಾಲಿಡುವಂತಿಲ್ಲ. ಅದು ಆ ಮನೆಯ ಕಟ್ಟುನಿಟ್ಟು.

ಅವತ್ತು ದೇವರಾಜು ಗೂಡು ಹಾಕಿಕೊಂಡು ರಾಮನಗರದ ರೇಷ್ಮೆ ಮಾರುಕಟ್ಟೆಗೆ ಹೋಗಿದ್ದ. ಅತ್ತೆಗೆ ಚಿಕೂನ್‌ಗುನ್ಯಾ, ಕೈಕಾಲು ಹಿಡಿದುಕೊಂಡು ಐದು ದಿನದಿಂದ ಮಲಗಿದಲ್ಲೇ. ಧನಲಕ್ಷ್ಮಿ ಹೊರಗಾಗಿದ್ದಳು, ಬೇರೆ ಯಾರೂ ಇಲ್ಲವೆಂದು ಅತ್ತೆಗೆ ಗಂಜಿ, ಮಾತ್ರೆ ತಾನೇ ಕೊಟ್ಟುಬಂದು ಜಗಲಿಯಲ್ಲಿ ಕೂತಿದ್ದಳು. ಮಧ್ಯಾಹ್ನ ಕೊಟ್ಟಿಗೆಯಿಂದ ದಡಬಡ ಸದ್ದು, ಹಿಂದೆಯೇ ಗೊರಗೊರ. ಇಣುಕಿದರೆ ಬಸವಪ್ಪನ ಮುಂಗಾಲು ಕೊರಳ ಹಗ್ಗಕ್ಕೆ ಸಿಕ್ಕಿಕೊಂಡಿದೆ, ಜಾರಿ ಬಿದ್ದಿದ್ದಾನೆ, ಹಗ್ಗ ಕೊರಳು ಬಿಗಿಯುತ್ತಿದೆ, ನಾಲಿಗೆ ಹೊರಬಂದಿದೆ. ಕೂಗಿದರೆ ಬರುವವರಿಲ್ಲ, ಊರೆಲ್ಲ ತೋಟದಲ್ಲಿ. ಮುಟ್ಟು, ಮೈಲಿಗೆ, ಯಾವುದನ್ನೂ ಯೋಚಿಸದೆ ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದು ನುಗ್ಗಿದಳು. ಹಗ್ಗ ಕತ್ತರಿಸಿದಳು. ಉಸಿರು ಸಿಕ್ಕಿದ್ದೇ ತಡ, ಬಸವಪ್ಪ ಧಿಗ್ಗನೆ ಎದ್ದು ತಲೆ ಕೊಡವಿದ. ಕೊಂಬಿನ ಬುಡ ಅವಳ ಎಡಗಡೆ ಎದೆಗೆ ಬಡಿಯಿತು. ಹೋಗಿ ಗೋಡೆಗೆ ಬಿದ್ದಳು. ಕಣ್ಣು ಕತ್ತಲಿಟ್ಟಿತು, ಉಸಿರು ನಿಂತೇಹೋಯಿತು ಅಂದುಕೊಂಡಳು.

ಎದ್ದು ಕುಡುಗೋಲನ್ನು ಸೊಪ್ಪಿನ ತೋಟಕ್ಕೆ ಎಸೆದು, ಮೈ ತೊಳೆದುಕೊಂಡು, ಏನೂ ಆಗದವಳ ಹಾಗೆ ಜಗಲಿಗೆ ಬಂದು ಕೂತಳು. ಬಸವಪ್ಪ ಅಷ್ಟರಲ್ಲಿ ಅಂಗಳ ದಾಟಿ, ಅತ್ತೆ ಮಲಗಿದ್ದ ಕೋಣೆಯ ಕಿಟಕಿಗೆ ಮುಖ ಕೊಟ್ಟು ನಿಂತಿದ್ದ. ಅತ್ತೆ ಕಣ್ಣು ಬಿಟ್ಟು ನೋಡಿ, "ಅಯ್ಯೋ ನನ್ನಪ್ಪ, ನನ್ ನೋಡಾಕ್ ಬಂದ್ಯಾ!" ಎಂದು ಕೈಮುಗಿದರು. ಮಾರನೆಯ ದಿನ ಅವರ ಜ್ವರ ಇಳಿಯಿತು. ಇನ್ನು ಕೇಳಬೇಕೆ? ಬಸವಪ್ಪ ಹಗ್ಗ ಹರಿದುಕೊಂಡು ಬಂದು ಮುದುಕಿಯ ಜ್ವರ ತೆಗೆದುಕೊಂಡು ಹೋದ ಎಂದು ಊರಿಗೆ ಊರೇ ಕೊಂಡಾಡಿತು. ದೇವರಾಜು ಆ ತುಂಡು ಹಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು ದೇವರ ಗೂಡಿನಲ್ಲಿಟ್ಟ. ಕತ್ತರಿಸಿದ ಹಗ್ಗವೋ ಹರಿದ ಹಗ್ಗವೋ ಎಂದು ತಿರುಗಿಸಿ ನೋಡುವ ಬುದ್ಧಿ ಒಬ್ಬನಿಗಾದರೂ ಬರಬೇಡವೇ! ಎಲ್ಲರೂ ಕಣ್ಣಿಗೊತ್ತಿಕೊಂಡರು. ಧನಲಕ್ಷ್ಮಿಯ ಎದೆ ಹದಿನೈದು ದಿನ ನೀಲಿಗಟ್ಟಿತ್ತು. ಗಂಡನಿಗೂ ತೋರಿಸದೆ ಕತ್ತಲೆಯಲ್ಲಿ ಸೀರೆ ಬದಲಿಸಿದಳು.

ಬಸವಪ್ಪ ಸುಮ್ಮಸುಮ್ಮನೆ ಹಾಯುವುದಿಲ್ಲ ಎಂಬುದು ಆ ಊರಿನ ಮಾತು. ಹಾಯ್ದನೆಂದರೆ ಹಾಯಿಸಿಕೊಂಡವರದೇ ತಪ್ಪು. ಮೈಲಿಗೆಯಲ್ಲಿ ಒಳಹೊಕ್ಕೆ, ಅದಕ್ಕೇ ಹೊಡೆದ. ಹೊಡೆದ ಜಾಗದಲ್ಲೇ ಗಂಟು ಬಂತು. ಅಲ್ಲಿಗೆ ಶಿಕ್ಷೆಯೇ ಸೈ, ಎಂದು ಅವಳು ತನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡಿದ್ದಳು.

ಹೊರಗಿನ ಬೆಂಚಿನ ಮೇಲೆ ದೇವರಾಜು ಹೇಳಿದ, "ಮತ್ತೆ ಮತ್ತೆ ಚುಚ್ಚಿಸ್ಕೊಳೋದ್ ಬ್ಯಾಡ. ಇಡೀ ಗಂಟೇ ತಗ್ಸ್‌ಬುಡಾನ. ಯೋಚ್ನೆ ತಪ್ತದೆ."

"ಕುಯ್ದು ತಗೀತಾರಂತೆ ಕಣ್ಲಾ" ಎಂದರು ಅತ್ತೆ.

ಧನಲಕ್ಷ್ಮಿ ತನ್ನಲ್ಲೇ ಲೆಕ್ಕ ಹಾಕಿದಳು. ಒಂದು ಮಾತು ಹೇಳಿದರೆ ಕತ್ತಿ ತಪ್ಪಬಹುದು. ಹೇಳದಿದ್ದರೆ ಎದೆ ಸೀಳಿಸಿಕೊಳ್ಳಬೇಕು. ಸೀಳಿಸಿಕೊಳ್ಳುವುದೇ ಸುಲಭ ಅನ್ನಿಸಿತು ಅವಳಿಗೆ. ಇಂಥ ಹುಚ್ಚು ಲೆಕ್ಕ ಹಾಕುವ ಹೆಂಗಸರು ನಮ್ಮಲ್ಲಿ ಒಬ್ಬಿಬ್ಬರಲ್ಲ.

ಅಷ್ಟರಲ್ಲಿ ನರ್ಸ್ ಶಾಲಿನಿ ಬಾಗಿಲಿಗೆ ಬಂದು, "ಧನಲಕ್ಷ್ಮಿಯವರೊಬ್ಬರೇ ಬರ್ಬೇಕಂತೆ, ಡಾಕ್ಟ್ರು ಇನ್ನೊಂದ್ಸಲ ನೋಡ್ಬೇಕಂತೆ" ಎಂದಳು. ದೇವರಾಜು ಎದ್ದ. "ನೀವಲ್ಲ" ಎಂದು ಬಾಗಿಲು ಹಾಕಿಕೊಂಡಳು.

ಪರದೆಯ ಹಿಂದೆ ಮಲಗಿಸಿ ಗಂಟನ್ನು ಮುಟ್ಟಿ ನೋಡಿದ ಡಾಕ್ಟರ್ ಮೆಹ್ರೀನ್, ದನಿ ತಗ್ಗಿಸಿದರು. "ಹೆದರ್ಕೋಬೇಡಿ. ಇಲ್ಲಿ ನಾವು ಮೂವರೂ ಹೆಂಗಸರೇ. ಮನೇಲಿ ಯಾರಾದ್ರೂ ಕೈ ಮಾಡ್ತಾರಾ? ಯಜಮಾನ್ರು ಹೊಡೀತಾರಾ?"

ಧನಲಕ್ಷ್ಮಿ ಎದ್ದೇ ಕೂತಳು. "ಅಯ್ಯಯ್ಯೋ, ಬುಡ್ತು ಅನ್ನಿ ಡಾಕ್ಟ್ರಮ್ಮ! ಅವ್ರು ಇವತ್ತಿನ ಗಂಟ ನನ್ ಮ್ಯಾಲೆ ಕೈ ಎತ್ತಿಲ್ಲ."

"ಮತ್ತೆ ಯಾರು? ಏಟು ಬಿದ್ದಿದೆ ಅಂತ ನಿಮ್ಮ ಮುಖವೇ ಹೇಳ್ತಿದೆ. ಅವರಿದ್ದಾಗ ಹೇಳೋಕೆ ಹೆದರಿದ್ರಿ. ನಾನೇನು ಅಂದ್ಕೋಬೇಕು ಹೇಳಿ?"

ಗಂಡನ ಮೇಲೆ ಬಂತಲ್ಲ ಅಪವಾದ! ಸೊಪ್ಪಿನ ಹೊರೆ ಎಸೆದು ಓಡಿಬಂದವನ ಮೇಲೆ! ತನ್ನ ಮೇಲೆ ಬಂದದ್ದನ್ನೆಲ್ಲ ನುಂಗಿಕೊಂಡಿದ್ದವಳಿಗೆ ಅದೊಂದನ್ನು ನುಂಗಲಾಗಲಿಲ್ಲ. "ಅವ್ರಲ್ಲ ಡಾಕ್ಟ್ರಮ್ಮ, ಬಸವಪ್ಪ" ಎಂದವಳು, ಕುಡುಗೋಲಿನಿಂದ ಹಿಡಿದು ಗೋಡೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮುಟ್ಟಾಗಿದ್ದನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಕೈ ತಾನಾಗಿ ಎಡಗಡೆ ಎದೆಯ ಮೇಲೆ ಹೋಗಿ ಕೂತಿತ್ತು.

"ಕರೆಕ್ಟಾಗಿ ಇದೇ ಜಾಗಾನಾ?"

"ಇದೇ ಜಾಗ. ನೀಲಿ ಆಗಿತ್ತು, ಆಮ್ಯಾಕೆ ಅಳದೀ ಬಣ್ಣ ಆಗಿ ಹೋಯ್ತು."

ಡಾಕ್ಟರು ಬೈಯಲಿಲ್ಲ, ನಗಲೂ ಇಲ್ಲ. ನೇರ ಮೇಜಿಗೆ ಹೋಗಿ ಸ್ಕ್ಯಾನ್ ಮಾಡಿದ ಡಾಕ್ಟರಿಗೆ ಫೋನು ಹಚ್ಚಿದರು. ಇಬ್ಬರೂ ಅದೇ ಚಿತ್ರಗಳನ್ನು ಎರಡು ಊರುಗಳಲ್ಲಿ ತೆರೆದಿಟ್ಟುಕೊಂಡು ಇಂಗ್ಲಿಷಿನಲ್ಲಿ ಮಾತಾಡಿದರು. ಹತ್ತು ನಿಮಿಷವೋ ಹದಿನೈದು ನಿಮಿಷವೋ. ಧನಲಕ್ಷ್ಮಿಗೆ ಒಂದಕ್ಷರವೂ ತಿಳಿಯಲಿಲ್ಲ. ಡಾಕ್ಟರು "ಹ್ಞೂಂ" ಅಂದಾಗ ಜೀವ ಬಂದ ಹಾಗಾಗುವುದು, ಸುಮ್ಮನಾದಾಗ ಹೋದ ಹಾಗಾಗುವುದು.

ಫೋನಿಟ್ಟ ಡಾಕ್ಟರು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡರು. "ಕೇಳಿ. ಗಂಟಿನ ನಡುವೆ ಎಣ್ಣೆ ತುಂಬಿದ ಸಣ್ಣ ಗುಳ್ಳೆ ಥರ ಇದೆ. ಕೊಬ್ಬು ಸತ್ತು ಕರಗಿದಾಗ ಹಾಗಾಗುತ್ತೆ. ಸೂಜಿ ಗಂಟಿನೊಳಗೇ ಇದ್ದ ಚಿತ್ರವೂ ಇದೆ. ಏಟಿನ ವಿಷಯ ಗೊತ್ತಿರ್ಲಿಲ್ಲ, ಅದಕ್ಕೆ ಇಬ್ಬರಿಗೂ ಅನುಮಾನ. ಈಗ ಎಲ್ಲಾ ಕೂಡಿ ಬಂತು. ಸ್ಕ್ಯಾನು, ಬಯಾಪ್ಸಿ, ನಿಮ್ಮ ಮಾತು, ಮೂರೂ ಒಂದೇ ಹೇಳ್ತಿವೆ. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗೋ ಗಂಟೂ ಅಲ್ಲ. ಆಪರೇಷನ್ ಬೇಡ. ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್, ತಪ್ಪಿಸ್ಬೇಡಿ. ಮಧ್ಯೆ ದೊಡ್ಡದಾಯ್ತು ಅನ್ನಿಸಿದ್ರೆ ಅವತ್ತೇ ಬನ್ನಿ."

"ಮನೇವ್ರಿಗೆ ಯೋಳ್ಬ್ಯಾಡಿ ಡಾಕ್ಟ್ರಮ್ಮ."

"ನನ್ನ ಬಾಯಿಂದ ಹೋಗಲ್ಲ. ಆದ್ರೆ ಫೈಲಿನಲ್ಲಿ ಬರೀಲೇಬೇಕು. ಮುಂದೆ ನೋಡೋ ಡಾಕ್ಟ್ರಿಗೆ ಗೊತ್ತಾಗ್ದಿದ್ರೆ ಮತ್ತೆ ನಿಮಗೇ ಸೂಜಿ."

ಹೊರಗೆ ಬಂದಳು. ಗಂಡ, ಅತ್ತೆ ಇಬ್ಬರೂ ಎದ್ದು ನಿಂತರು. "ಆಪ್ರೇಸನ್ ಬ್ಯಾಡ್ವಂತೆ" ಎಂದಳು. ಖುಷಿಯ ಸುದ್ದಿ ಎಂದುಕೊಂಡೇ ಹೇಳಿದ್ದಳು. ದೇವರಾಜುವಿನ ಮುಖ ಬೂದಿಯಾಯಿತು.

"ಬ್ಯಾಡ್ವಂತಾ? ಅರ್ಧ ಗಂಟೆ ಮುಂಚೆ ಮಾಡ್ಲೇಬೇಕು ಅಂದ್ರು, ಈಗ ಬ್ಯಾಡ ಅಂದ್ರೆ?" ಅವನು ಗೋಡೆ ಹಿಡಿದುಕೊಂಡ. "ನಮ್ ದೊಡ್ಡಪ್ಪಂಗೂ ಹಂಗೇ ಅಂದಿದ್ರು ಕಣವ್ವ. ಆಪ್ರೇಸನ್ ಬ್ಯಾಡ, ಮನೆಗೆ ಕರ್ಕೊಂಡೋಗಿ ಅಂತ. ಮೂರು ತಿಂಗ್ಳು ಇರ್ನಿಲ್ಲ. ಕೈ ಮೀರೋಯ್ತು. ಅದಕ್ಕೇ ಒಬ್ಳನ್ನೇ ಒಳಗೆ ಕರ್ದು ಯೋಳವ್ರೆ."

"ಹಂಗಲ್ಲ ಕಣಿ, ಅದು ಕ್ಯಾನ್ಸರೇ ಅಲ್ವಂತೆ."

"ಮತ್ತೆ ಈಗ ಹೆಂಗೆ ಗೊತ್ತಾಯ್ತು? ಬಾಗಿಲಾಕ್ಕೊಂಡು ಏನ್ ಮಾಡುದ್ರು? ನನ್ ತಾವ ಮುಚ್ಚಿಡ್ಬ್ಯಾಡ ಅಮ್ಮಿ, ನಿನ್ ಕಾಲಿಗ್ ಬೀಳ್ತೀನಿ." ನಲವತ್ತೈದು ವರ್ಷದ ಗಂಡಸು, ಆಸ್ಪತ್ರೆಯ ಮೊಗಸಾಲೆಯಲ್ಲಿ, ಅಷ್ಟು ಜನರ ಎದುರಿಗೆ ಕುಸಿದು ಕೂತು ಅಳತೊಡಗಿದ. ಅತ್ತೆ ಬೆಂಚಿನ ಮೇಲೇ ಬಸವಪ್ಪನ ಹೆಸರು ಹಿಡಿದು, "ನನ್ ಜ್ವರ ತಗ್ದೋನು ಇವಳ್ದೂ ತಗಿಯಪ್ಪ, ನಿನ್ ಪಾದ ಬುಡಾಕಿಲ್ಲ" ಎಂದು ಹಲುಬತೊಡಗಿದರು.

ಏನು ಹೇಳಿದರೂ ನಂಬುವವರಲ್ಲ ಇವರು, ನಿಜವೊಂದನ್ನು ಬಿಟ್ಟು. ಧನಲಕ್ಷ್ಮಿಗೆ ಸಿಟ್ಟು ಬಂತು. ಗಂಡನ ಮೇಲೋ, ಅತ್ತೆಯ ಮೇಲೋ, ಎಂಟು ತಿಂಗಳು ಹಲ್ಲು ಕಚ್ಚಿದ ತನ್ನ ಮೇಲೋ, ಅವಳಿಗೇ ಗೊತ್ತಾಗಲಿಲ್ಲ. "ನನ್ಗೆ ಬಸವಪ್ಪ ಹಾಯ್ದಿದ್ದ!" ಎಂದು ಜೋರಾಗಿಯೇ ಹೇಳಿದಳು. ಮದ್ದಿನ ಚೀಟಿ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು. "ಹಗ್ಗ ಅವ್ನು ಹರ್ಕೊಂಡಿದ್ದಲ್ಲ. ಕೊರಳ್ಗೆ ಸುತ್ಕೊಂಡು ಸಾಯ್ತಿದ್ದ. ನಾನ್ ಹೋಗಿ ಕುಡ್ಲಲ್ಲಿ ಕುಯ್ದೆ. ಹೊರಗಾಗಿದ್ದೆ, ಆದ್ರೂ ಹೋದೆ. ಎದ್ದೋನು ಹಾಯ್ದುಬುಟ್ಟ. ಆ ಏಟಿಗೆ ಕಟ್ಟಿರೋ ಗಂಟು ಇದು. ಅಷ್ಟೇ. ಕ್ಯಾನ್ಸರಲ್ಲ, ಏನಲ್ಲ."

ದೇವರಾಜು ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಅವಳನ್ನೇ ನೋಡಿದ. ಅವನ ಬಾಯಿಂದ ಬಂದದ್ದು ಇಷ್ಟು: "ಬಸವಪ್ಪ ಸುಮ್ನೆ ಹಾಯಾಕಿಲ್ಲ..."

ಎಂಟು ತಿಂಗಳಿಂದ ಅವಳು ಹೆದರಿದ್ದು ಇದೇ ಮಾತಿಗೆ.

"ಮುಚ್ಚಲೇ ಬಾಯ!"

ಚಿಕ್ಕಲಕ್ಷ್ಮಮ್ಮ ಎದ್ದು ನಿಂತಿದ್ದರು. ಮಂಡಿನೋವಿನ ಮುದುಕಿ, ಯಾರ ಆಸರೆಯೂ ಇಲ್ಲದೆ. "ದನ ಅಂದ್ಮೇಲೆ ಹಾಯ್ತದೆ ಕಣ್ಲಾ. ಉಸಿರು ಕಟ್ಟಿದ್ ದನ ಇನ್ನೇನ್ ಮಾಡಾತು?" ಎಂದರು. ಬಸವಪ್ಪನನ್ನು ದನ ಎಂದದ್ದನ್ನು ಆ ಮನೆಯ ಯಾರ ಬಾಯಿಂದಲೂ ದೇವರಾಜು ಕೇಳಿರಲಿಲ್ಲ. "ನನ್ ನೋಡಾಕ್ ಬಂದ, ನನ್ ಜ್ವರ ತಗ್ದ ಅಂತ ಎಂಟ್ ತಿಂಗ್ಳು ಊರ್ ತುಂಬ ಯೋಳ್ಕೊಂಡ್ ತಿರುಗ್ದೆನಲ್ಲ, ನನ್ ಬಾಯಿಗ್ ಮಣ್ಣಾಕ. ಜ್ವರ ಹೋಗಿದ್ದು ಮಾತ್ರೆಗೆ. ಆ ಮಾತ್ರೆ ಹೊತ್ತೊತ್ತಿಗೆ ಕೊಟ್ಟೋಳೂ ಇವ್ಳೇ. ಎದೆ ಒಡ್ಕೊಂಡು ನನ್ಗೆ ಗಂಜಿ ಕಾಯ್ಸವ್ಳೆ ಕಣ್ಲಾ ಇವ್ಳು! ತಪ್ ಮಾಡಿರೋರ್ ಯಾರು ಅಂತ ಕೇಳ್ತೀಯಾ, ತಪ್ಪು?"

ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು, ಬಿಡಲಿಲ್ಲ.

ದೇವರಾಜು ನೆಲದ ಮೇಲೇ ಕೂತಿದ್ದ. ಒಂದು ಸಲ ತಾಯಿಯನ್ನು ನೋಡಿದ, ಒಂದು ಸಲ ಹೆಂಡತಿಯನ್ನು. ಊರಿಗೆ ಏನು ಹೇಳುವುದು, ದೇವಸ್ಥಾನದ ಕಮಿಟಿಯವರಿಗೆ ಏನು ಹೇಳುವುದು ಎಂದು ಅವನು ಕೇಳುತ್ತಾನೆಂದೇ ಧನಲಕ್ಷ್ಮಿ ಅಂದುಕೊಂಡಿದ್ದಳು. ಅದಕ್ಕೆ ಉತ್ತರವನ್ನೂ ಹುಡುಕುತ್ತಿದ್ದಳು. ಅವನು ಕೂತಲ್ಲಿಂದಲೇ ಮುಂದಕ್ಕೆ ಸರಿದು ಅವಳ ಮುಖ ನೋಡಿದ.

"ಬಾಳ ನೋವಾಯ್ತೇನಮ್ಮಿ?" ಎಂದು ಕೇಳಿದ.

ಕ್ಯಾನ್ಸರೋ ಅಲ್ಲವೋ, ಚುಚ್ಚುವುದೋ ಕುಯ್ಯುವುದೋ ಎಂದು ಒಂದು ತಿಂಗಳಿಂದ ಎಲ್ಲರೂ ಎಲ್ಲವನ್ನೂ ಕೇಳಿದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಸೂಜಿ ಹಾಕುವಾಗಲೂ ತುಟಿ ಕಚ್ಚಿ ಮಲಗಿದ್ದವಳ ಕಣ್ಣಲ್ಲಿ ನೀರು ದಳದಳ ಇಳಿಯಿತು.

"ಹ್ಞೂಂ ಕಣಿ" ಅಂದಳು ಧನಲಕ್ಷ್ಮಿ. "ಬಾಳ ನೋವಾಯ್ತು."